ತೊಡೆಸಂದಿನ ಲಿಂಫ್ ನೋಡ್ ತೆಗೆಸಿದ್ಮೇಲೆ ಕಾಲನ್ನ ಹೇಗೆ ನೋಡ್ಕೋಬೇಕು

ಆಪರೇಷನ್ ಮುಗಿಸಿ ಮನೆಗೆ ಬಂದಾಗ ನನ್ನ ಜೊತೆ ಬಂದಿದ್ದು ಒಂದು ಫೈಲು, ಗಾಯದೊಳಗಿನ ನೀರು ಟ್ಯೂಬಲ್ಲಿ ಹೊರಗೆ ಎಳೆಯೋಕೆ ಅಂತ ಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಿದ್ದ ಡ್ರೈನ್ ಬಲ್ಬು, ಆಮೇಲೆ "ಕಾಲು ಸ್ವಲ್ಪ ಊದ್ಕೋಬಹುದು, ನೋಡ್ಕೊಳ್ಳಿ" ಅನ್ನೋ ಒಂದು ಮಾತು. ಅಷ್ಟೇ. ಏನ್ ನೋಡ್ಬೇಕು, ಎಷ್ಟು ಊದಿದ್ರೆ ಗಾಬರಿ ಆಗ್ಬೇಕು, ಯಾರ ಹತ್ರ ಹೋಗ್ಬೇಕು ಅಂತ ಯಾರೂ ಹೇಳ್ಲಿಲ್ಲ, ನನಗೂ ಕೇಳೋಕೆ ತೋಚ್ಲಿಲ್ಲ. ಪಾದದಲ್ಲಿ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಆಗಿ ಬಲಗಡೆ ತೊಡೆಸಂದಿನ ಲಿಂಫ್ ನೋಡ್‌ಗಳನ್ನೆಲ್ಲ (ಮೈಯ ನೀರನ್ನ ಸೋಸಿ ಇನ್ಫೆಕ್ಷನ್ ತಡೆಯೋ ಸಣ್ಣ ಗಂಟುಗಳು) ತೆಗೆಸಿ ಈಗ ಆರು ವರ್ಷ ಆಯ್ತು. ಮೊದಲ ಎರಡು ವರ್ಷ ಎಡವಟ್ಟು ಮಾಡ್ಕೊಂಡೇ ಕಲ್ತಿದ್ದು ಜಾಸ್ತಿ, ಅದನ್ನೇ ಬರೀತಿದೀನಿ. ಗರ್ಭಕೋಶ, ಗರ್ಭಕಂಠ, ಜನನಾಂಗದ ಕ್ಯಾನ್ಸರ್‌ಗೆ ಅಂತ ಕಿಬ್ಬೊಟ್ಟೆ ಒಳಗಿನ ಅಥವಾ ತೊಡೆಸಂದಿನ ನೋಡ್ ತೆಗೆಸಿದವರಿಗೂ ಹೆಚ್ಚುಕಮ್ಮಿ ಇದೇ ಕಥೆ. ನಾನು ಡಾಕ್ಟರ್ ಅಲ್ಲ, ನಿಮ್ಮ ಸರ್ಜನ್ ಬೇರೆ ಏನಾದ್ರೂ ಹೇಳಿದ್ರೆ ಅವರ ಮಾತೇ ಕೇಳಿ.

ಕಾಲು ಯಾಕೆ ಊದತ್ತೆ ಅನ್ನೋದು ಒಂದ್ಸಲ ತಲೆಗೆ ಹೋದ್ರೆ ಮುಂದಿನದೆಲ್ಲ ಸುಲಭ. ರಕ್ತನಾಳಗಳಿಂದ ದಿನಾ ಒಂದಿಷ್ಟು ನೀರು, ಪ್ರೋಟೀನ್ ಹೊರಗೆ ಸೋರ್ತಾ ಇರತ್ತೆ, ಅದನ್ನ ಚರ್ಮದ ಕೆಳಗಿರೋ ಕೂದಲೆಳೆಯಂಥ ಲಿಂಫ್ ನಾಳಗಳು ಎತ್ಕೊಂಡು ಮೇಲಕ್ಕೆ ಸಾಗಿಸಿ ಕೊನೆಗೆ ಕತ್ತಿನ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ವಾಪಸ್ ಸುರೀತವೆ. ಇದಕ್ಕೆ ಹೃದಯದ ಥರ ಬೇರೆ ಪಂಪ್ ಇಲ್ಲ, ಆ ನಾಳಗಳು ತಾವೇ ಹಿಂಡ್ಕೋಬೇಕು, ಸುತ್ತಲಿನ ಮಾಂಸಖಂಡ ಹಿಂಡ್ಬೇಕು, ಉಸಿರಾಟ ಮೇಲಕ್ಕೆ ಎಳೀಬೇಕು. ತೊಡೆಸಂದು ಅಂದ್ರೆ ಇಡೀ ಕಾಲಿನ ದಾರಿಗಳು ಬಂದು ಸೇರೋ ಜಂಕ್ಷನ್ನು. ಅದನ್ನ ಕಿತ್ತು ತೆಗೆದ್ಮೇಲೆ ನೀರು ಸಣ್ಣಪುಟ್ಟ ಒಳದಾರಿ ಹಿಡೀಬೇಕು. ಕೆಲವರಿಗೆ ಆ ಒಳದಾರಿ ಸಾಕಾಗತ್ತೆ, ಕೆಲವರಿಗೆ ಸಾಲಲ್ಲ, ಅದರ ಮೇಲೆ ರೇಡಿಯೇಷನ್ ಆಗಿದ್ರೆ, ಮೈತೂಕ ಜಾಸ್ತಿ ಇದ್ರೆ, ಪದೇ ಪದೇ ಇನ್ಫೆಕ್ಷನ್ ಆದ್ರೆ ಇನ್ನೂ ಕಷ್ಟ. ಸೆಂಟಿನೆಲ್ ನೋಡ್ ಅಂತ, ಅಂದ್ರೆ ಕ್ಯಾನ್ಸರ್ ಹರಡಿದ್ರೆ ಮೊದಲು ತಲುಪೋ ನೋಡ್ ಅಂತ, ಒಂದೆರಡು ಮಾತ್ರ ತೆಗೆಸಿದವರಿಗೆ ಅಪಾಯ ಕಡಿಮೆ, ಆದ್ರೆ ಇಲ್ಲವೇ ಇಲ್ಲ ಅಂತ ಅಲ್ಲ. ನಾವು ಮಾಡೋ ಎಲ್ಲ ಕೆಲಸದ ಅರ್ಥ ಎರಡೇ, ಕಾಲಿಗೆ ಹೊಸದಾಗಿ ಬಂದು ಸೇರೋ ನೀರು ಜಾಸ್ತಿ ಆಗದ ಹಾಗೆ ನೋಡ್ಕೊಳ್ಳೋದು, ಇರೋ ಒಳದಾರಿ ಓಡ್ತಾ ಇರೋ ಹಾಗೆ ನೋಡ್ಕೊಳ್ಳೋದು.

ಮೊದಲ ಕೆಲವು ವಾರ

ಡ್ರೈನ್ ನೋಡಿ ಹೆದರ್ಕೋಬೇಡಿ. ದಿನಕ್ಕೆ ಎರಡು ಸಲ, ಹೊತ್ತು ಗೊತ್ತುಮಾಡ್ಕೊಂಡು ಖಾಲಿ ಮಾಡಿ. ಕೈ ಸೋಪಲ್ಲಿ ತೊಳ್ಕೊಂಡು, ಟ್ಯೂಬನ್ನ ಮೈ ಹತ್ರ ಒಂದು ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡು ಇನ್ನೊಂದು ಕೈಯ ಬೆರಳಲ್ಲಿ ಬಲ್ಬ್ ಕಡೆಗೆ ಸವರ್ತಾ ಬನ್ನಿ, ಒಳಗೆ ದಾರದಂಥ ಕೆಂಪು ಗರಣೆ ಕಟ್ಟಿದ್ರೆ ಅದು ಜಾರಿ ಬಲ್ಬಿಗೆ ಬೀಳತ್ತೆ. ಆಮೇಲೆ ಮುಚ್ಚಳ ತೆಗೆದು ಅಳತೆ ಕಪ್ಪಿಗೆ ಸುರೀರಿ, ಎಷ್ಟು ಎಂಎಲ್ ಅಂತ ಬರೆದಿಡಿ. ನಾನು ಮೊದಲ ಮೂರು ದಿನ ತಪ್ಪಿದ್ದು ಇಲ್ಲೇ, ಬಲ್ಬನ್ನ ಅಂಗೈಯಲ್ಲಿ ಪೂರ್ತಿ ಅಮುಕಿ ಹಿಡ್ಕೊಂಡೇ ಮುಚ್ಚಳ ಹಾಕ್ಬೇಕು, ಇಲ್ಲಾಂದ್ರೆ ಅದು ಎಳೆಯೋದೇ ಇಲ್ಲ, ಸುಮ್ನೆ ನೇತಾಡ್ತಿರತ್ತೆ. ಬಣ್ಣ ಕೆಂಪಿಂದ ತಿಳಿಗುಲಾಬಿ, ಆಮೇಲೆ ಹಳದಿ ಆಗ್ತಾ ಬರೋದು ಸರಿಯಾದ ದಾರಿ. ವಾಸನೆ ಬಂದ್ರೆ, ಕೀವಿನ ಹಾಗೆ ಗಟ್ಟಿ ಆದ್ರೆ, ಅಥವಾ ಹಳದಿ ಆಗಿದ್ದು ಮತ್ತೆ ಕಡುಕೆಂಪಾದ್ರೆ ಫೋನ್ ಮಾಡಿ. ಸಾಮಾನ್ಯವಾಗಿ 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ, ಅದೂ ಎರಡು ದಿನ ಸತತವಾಗಿ ಬಂದ್ರೆ ತೆಗೀತಾರೆ, ಲೆಕ್ಕ ಸರ್ಜನ್‌ಯಿಂದ ಸರ್ಜನ್‌ಗೆ ಸ್ವಲ್ಪ ಬೇರೆ ಇರತ್ತೆ. ತೊಡೆಸಂದಿನ ಡ್ರೈನ್ ವಾರಗಟ್ಟಲೆ ಉಳಿಯೋದು ಅಪರೂಪ ಏನಲ್ಲ, ಪಕ್ಕದ ಬೆಡ್‌ನವರದ್ದು ಬೇಗ ತೆಗೆದ್ರು ಅಂತ ಕೊರಗ್ಬೇಡಿ.

ತೆಗೆದ್ಮೇಲೆ ಗಾಯದ ಕೆಳಗೆ ನೀರಿನ ಬಲೂನ್ ಥರ ಉಬ್ಬಿದ್ರೆ ಅದು ಸೆರೋಮ. ಚಿಕ್ಕದಾದ್ರೆ ತಾನೇ ಇಂಗತ್ತೆ, ಬಿಗಿಯಾಗಿ ನೋಯೋಕೆ ಶುರು ಆದ್ರೆ ಸಿರಿಂಜಲ್ಲಿ ಎಳೀತಾರೆ. ಮನೇಲಿ ಸೂಜಿ ಚುಚ್ಚೋ ಸಾಹಸ ಬೇಡವೇ ಬೇಡ. ತೊಡೆಸಂದು ಬೆವರೋ ಜಾಗ, ಮಡಚೋ ಜಾಗ, ಹಾಗಾಗಿ ಹೊಲಿಗೆ ಅಂಚು ಅಲ್ಲಲ್ಲಿ ಬಿಡೋದು, ಇನ್ಫೆಕ್ಷನ್ ಆಗೋದು ಬೇರೆ ಕಡೆಗಿಂತ ಜಾಸ್ತಿ. ಒಣಗಿಸಿ ಇಟ್ಕೊಳ್ಳಿ, ಸಡಿಲ ಹತ್ತಿ ಬಟ್ಟೆ ಹಾಕಿ, ತುಂಬ ಹೊತ್ತು ಮುದುಡಿ ಕೂರ್ಬೇಡಿ.

ತೊಡೆ ಮುಂಭಾಗ ಮರಗಟ್ಟಿದ ಹಾಗಿರತ್ತೆ, ಕೆಲವೊಮ್ಮೆ ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ. ಅಲ್ಲಿನ ಸಣ್ಣ ನರಗಳು ಕತ್ತರಿಸಿ ಹೋಗಿರ್ತವೆ ಅಥವಾ ಎಳೆದಾಡಿರ್ತವೆ. ತಿಂಗಳುಗಳಲ್ಲಿ ಸ್ವಲ್ಪ ವಾಪಸ್ ಬರತ್ತೆ, ಪೂರ್ತಿ ಬರದೇನೂ ಇರಬಹುದು, ನನಗೆ ಅಂಗೈಯಗಲ ಜಾಗ ಇವತ್ತಿಗೂ ಜೋಮು. ಆ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಇಡಬೇಡಿ, ಸುಟ್ಟಿದ್ದೂ ಗೊತ್ತಾಗಲ್ಲ.

ನಡಿಗೆ ಮೊದಲ ದಿನದಿಂದಲೇ ಬೇಕು. ಹೆಪ್ಪುಗಟ್ಟಿದ ರಕ್ತ ಕಾಲಿನ ನಾಳದಲ್ಲಿ ಸಿಕ್ಕಿಹಾಕೊಳ್ಳೋ ಅಪಾಯ ಕ್ಯಾನ್ಸರ್ ಆಪರೇಷನ್ ಆದವರಿಗೆ ಜಾಸ್ತಿ, ಅದಕ್ಕೇ ಕೆಲವರಿಗೆ ನಾಲ್ಕು ವಾರದವರೆಗೂ ಹೊಟ್ಟೆ ಚರ್ಮಕ್ಕೆ ರಕ್ತ ತೆಳುಮಾಡೋ ಇಂಜೆಕ್ಷನ್ ಕೊಡ್ತಾರೆ, ಅದನ್ನ ನೋವು ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ. ಮಲಗಿದ್ದಾಗ ಪಾದ ಮೇಲೆ ಕೆಳಗೆ ಮಾಡ್ತಾ ಇರಿ. ಒಂದೇ ಮೀನಖಂಡ ದಿಢೀರ್ ಬಿಗಿಯಾಗಿ ಊದಿ ನೋವು ಬಂದ್ರೆ ಇದು ಲಿಂಫ್ ಇರಬಹುದು ಬಿಡು ಅಂದ್ಕೊಂಡು ಮನೇಲಿ ಕೂರ್ಬೇಡಿ, ಅದೇ ದಿನ ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹರೀತಿದೆಯಾ ಅಂತ ನೋಡೋದು) ಮಾಡಿಸಿ. ಎದೆನೋವು, ಉಸಿರು ಕಟ್ಟೋದು ಬಂದ್ರೆ ಸೀದಾ ಎಮರ್ಜೆನ್ಸಿ.

ಶುರುವಾಗೋದು ಹೇಗೆ

ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಬಾವು ಬಂದು ಹೋಗೋದು ಮಾಮೂಲಿ. ನಿಜವಾದ ಲಿಂಫೆಡಿಮ, ಅಂದ್ರೆ ಲಿಂಫ್ ನೀರು ನಿಂತು ಬರೋ ಬಾವು, ತಿಂಗಳಾದ್ಮೇಲೂ ಬರಬಹುದು, ವರ್ಷಗಳಾದ್ಮೇಲೂ ಬರಬಹುದು, ಮತ್ತೆ ಅದು ಬರೋದು ಸದ್ದಿಲ್ಲದೆ. ನನಗೆ ಒಂಬತ್ತನೇ ತಿಂಗಳಲ್ಲಿ ಸಾಯಂಕಾಲ ಸಾಕ್ಸ್ ತೆಗೆದಾಗ ಬಲಗಾಲಲ್ಲಿ ಗೆರೆ ಆಳವಾಗಿ ಕೂತಿರ್ತಿತ್ತು, ಎಡಗಾಲಲ್ಲಿ ಇಲ್ಲ. ಕಾಲು ಭಾರ ಅನ್ಸೋದು, ಒಂದು ಕಾಲಿನ ಚಪ್ಪಲಿ ಮಾತ್ರ ಬಿಗಿ. ಬೆಳಿಗ್ಗೆ ಎದ್ರೆ ಏನೂ ಇರ್ತಿರ್ಲಿಲ್ಲ, ಹಾಗಾಗಿ ನಾಲ್ಕು ತಿಂಗಳು ಸುಮ್ನಿದ್ದೆ. ಆ ನಾಲ್ಕು ತಿಂಗಳೇ ನನಗೆ ದುಬಾರಿ ಆಗಿದ್ದು. ಯಾಕಂದ್ರೆ ಆ ಮೊದಲ ಹಂತದಲ್ಲಿ ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ, ಕಾಲು ಮೇಲಿಟ್ಟು ಮಲಗಿದ್ರೆ ಇಳಿಯತ್ತೆ. ಬಿಟ್ರೆ ಆ ನಿಂತ ನೀರಲ್ಲಿರೋ ಪ್ರೋಟೀನಿಂದ ಒಳಗೆ ನಾರು, ಕೊಬ್ಬು ಬೆಳೆಯತ್ತೆ, ಆಮೇಲೆ ರಾತ್ರಿಯೆಲ್ಲ ಕಾಲು ಎತ್ತಿಟ್ರೂ ಇಳಿಯಲ್ಲ, ಒತ್ತಿದ್ರೆ ಗುಳಿನೂ ಬೀಳಲ್ಲ. ಮೊದಲ ಹಂತದಲ್ಲಿ ಹಿಡಿದವರ ಕಾಲಿಗೂ ಎರಡನೇ ಹಂತದಲ್ಲಿ ಹಿಡಿದವರ ಕಾಲಿಗೂ ಅಜಗಜಾಂತರ.

ಮನೇಲೇ ಮಾಡೋ ಒಂದು ಪರೀಕ್ಷೆ ಇದೆ, ಹೆಬ್ಬೆರಳ ಪಕ್ಕದ ಕಾಲ್ಬೆರಳಿನ ಬುಡದಲ್ಲಿ ಮೇಲಿನ ಚರ್ಮ ಚಿವುಟಿ ಎತ್ತಿ ನೋಡಿ. ಎರಡೂ ಕಾಲಲ್ಲಿ ನೋಡಿ. ತೆಳ್ಳಗೆ ಮಡಿಕೆ ಎದ್ರೆ ಸರಿ, ದಪ್ಪವಾಗಿ ಎತ್ತೋಕೇ ಬರದಿದ್ರೆ ಅದನ್ನ ಸ್ಟೆಮ್ಮರ್ ಸೈನ್ ಅಂತಾರೆ, ಲಿಂಫೆಡಿಮ ಇರೋ ಸಾಧ್ಯತೆ ಜಾಸ್ತಿ. ಎತ್ತೋಕೆ ಬಂದ್ರೆ ಲಿಂಫೆಡಿಮ ಇಲ್ಲ ಅಂತ ಅಲ್ಲ, ನಮ್ಮಂಥವರಿಗೆ ಮೊದಲು ತೊಡೆಯಲ್ಲೇ ಶುರು ಆಗಬಹುದು.

ಟೇಪ್ ಅಳತೆ ಆಪರೇಷನ್‌ಗೆ ಮುಂಚೆನೇ ಶುರು ಮಾಡಿದ್ರೆ ಚಿನ್ನ. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ನೆಲದಿಂದ ಮೇಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಗೊತ್ತುಮಾಡ್ಕೊಂಡ ನಾಲ್ಕೈದು ಜಾಗದಲ್ಲಿ, ತಿಂಗಳಿಗೊಂದ್ಸಲ, ಅದೇ ಹೊತ್ತಲ್ಲಿ, ಅದೇ ಟೇಪಲ್ಲಿ, ಎಳೀದೆ ಸುತ್ತಿ ಬರೆದಿಡಿ. ಇನ್ನೊಂದು ಕಾಲನ್ನೂ ಅಳೀರಿ, ಮೈತೂಕ ಏರಿ ಎರಡೂ ದಪ್ಪ ಆಗಿದ್ರೆ ಅದು ಬೇರೆ ಲೆಕ್ಕ. ಒಂದೇ ಕಾಲಲ್ಲಿ 2 ಸೆಂಟಿಮೀಟರ್ ವ್ಯತ್ಯಾಸ ಕಂಡ್ರೆ, ಅಥವಾ ಅಷ್ಟು ಆಗದಿದ್ರೂ ಭಾರ ಹೋಗ್ತಾನೇ ಇಲ್ಲ ಅಂದ್ರೆ, ಲಿಂಫೆಡಿಮ ಟ್ರೇನಿಂಗ್ ಆಗಿರೋ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ. ಆ ಟ್ರೇನಿಂಗ್ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ, ಮುಜುಗರ ಬೇಡ.

ಇದನ್ನ ನೋಡಿ ಯಾರಾದ್ರೂ ಆನೆಕಾಲು ರೋಗ ಅಂದ್ರೆ ಬೇಜಾರಾಗ್ಬೇಡಿ, ಅದು ಸೊಳ್ಳೆಯಿಂದ ಬರೋ ಹುಳದಿಂದ ಆಗೋದು, ನಮ್ಮದು ಆಪರೇಷನ್‌ನಿಂದ ಆಗಿದ್ದು. ಒಳಗೆ ಕಟ್ಕೊಂಡಿರೋ ದಾರಿ ಮಾತ್ರ ಒಂದೇ, ನಮ್ಮದು ಯಾರಿಗೂ ಅಂಟಲ್ಲ.

ಚಿಕಿತ್ಸೆ ಅಂದ್ರೆ ಏನು

ಮೊದಲ ತಪ್ಪು ನೀರಿನ ಮಾತ್ರೆ. ಮೂತ್ರ ಜಾಸ್ತಿ ಮಾಡೋ ಮಾತ್ರೆ ನೀರನ್ನ ಎಳ್ಕೊಂಡು ಹೋಗತ್ತೆ, ಪ್ರೋಟೀನ್ ಅಲ್ಲೇ ಉಳಿಯತ್ತೆ, ಹಾಗಾಗಿ ಬರೀ ಲಿಂಫೆಡಿಮಗೆ ಅದರಿಂದ ಉಪಯೋಗ ಇಲ್ಲ. ಹಾರ್ಟಿಗೋ ಬಿಪಿಗೋ ಕೊಟ್ಟಿದ್ರೆ ಮಾತ್ರ ನೀವಾಗಿ ಬಿಡಬೇಡಿ. ನನಗೆ ಒಬ್ಬರು ಇದನ್ನ ಮೂರು ತಿಂಗಳು ಕೊಟ್ರು, ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಎದ್ದಿದ್ದೇ ಬಂತು, ಕಾಲು ಹಾಗೇ ಇತ್ತು. ಎರಡನೇ ತಪ್ಪು ಮಾಮೂಲಿ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತೋದು. ಅದು ಜಾಸ್ತಿ ಹಿಗ್ಗೋ ಬಟ್ಟೆ, ಮಲಗಿದ್ದಾಗಲೂ ಹಿಂಡ್ತಾನೇ ಇರತ್ತೆ, ನಡೆಯುವಾಗ ಹಿಗ್ಗಿ ಜಾಗ ಬಿಟ್ಟುಕೊಡತ್ತೆ, ಅಂದ್ರೆ ನಮಗೆ ಬೇಕಾಗಿದ್ದಕ್ಕೆ ಪೂರ್ತಿ ಉಲ್ಟಾ. ಥೆರಪಿಸ್ಟ್ ಬಳಸೋದು ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್, ಕಮ್ಮಿ ಹಿಗ್ಗತ್ತೆ, ಸುಮ್ನೆ ಇದ್ದಾಗ ಒತ್ತಡ ಕಡಿಮೆ, ನಡೆದಾಗ ಮಾಂಸಖಂಡ ಆ ಗೋಡೆಗೆ ಬಡಿದು ನೀರನ್ನ ಮೇಲಕ್ಕೆ ತಳ್ಳತ್ತೆ. ಒಳಗೆ ಹತ್ತಿ ಅಥವಾ ಸ್ಪಾಂಜ್ ಪದರ, ಬೆರಳುಗಳಿಗೆ ಬೇರೆ ಸಣ್ಣ ಪಟ್ಟಿ, ಮೇಲೆ ಎರಡು ಮೂರು ಸುತ್ತು.

ಪೂರ್ತಿ ಚಿಕಿತ್ಸೆಗೆ ಸಿಡಿಟಿ (ಕಂಪ್ಲೀಟ್ ಡೀಕಂಜೆಸ್ಟಿವ್ ಥೆರಪಿ) ಅಂತಾರೆ. ಮೊದಲು ಎರಡರಿಂದ ನಾಲ್ಕು ವಾರ, ಹೆಚ್ಚುಕಮ್ಮಿ ದಿನಾ ಹೋಗಿ ಮಸಾಜ್, ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ. ಕಾಲು ಎಷ್ಟು ಇಳಿಯತ್ತೋ ಅಷ್ಟು ಇಳಿಸ್ತಾರೆ. ಆಮೇಲೆ ಇಳಿದ ಕಾಲಿಗೆ ಅಳತೆ ತಗೊಂಡು ಸ್ಟಾಕಿಂಗ್, ಅಂದ್ರೆ ಕಾಲನ್ನ ಒತ್ತಿ ಹಿಡಿಯೋ ಉದ್ದದ ಬಿಗಿ ಸಾಕ್ಸ್, ಅಲ್ಲಿಂದ ಮುಂದೆ ನಿಮ್ಮ ಮನೆ ನಿಮ್ಮ ಕಾಲು. ಇದನ್ನ ಶುರು ಮಾಡೋ ಮುಂಚೆ ಕಾಲಿಗೆ ರಕ್ತ ಸರಿಯಾಗಿ ಬರ್ತಿದೆಯಾ ಅಂತ ನೋಡ್ಬೇಕು, ಅದರಲ್ಲೂ ಸಕ್ಕರೆ ಕಾಯಿಲೆ ಇರೋರು, ಸಿಗರೇಟ್ ಸೇದೋರು. ರಕ್ತದ ಹರಿವು ಕಡಿಮೆ ಇರೋ ಕಾಲಿಗೆ ಬಿಗಿಯಾಗಿ ಸುತ್ತಿದ್ರೆ ಬೆರಳೇ ಹೋಗಬಹುದು. ಹಾರ್ಟ್ ಫೇಲ್ಯೂರ್ ಹತೋಟಿಯಲ್ಲಿ ಇಲ್ದಿದ್ರೆ, ಹೊಸದಾಗಿ ರಕ್ತ ಹೆಪ್ಪುಗಟ್ಟಿದ್ರೆ, ಇನ್ಫೆಕ್ಷನ್ ಇದ್ರೆ ಮೊದಲು ಅದು, ಆಮೇಲೆ ಇದು.

ಸ್ಟಾಕಿಂಗ್ ವಿಷಯ ಸ್ವಲ್ಪ ಉದ್ದ ಬರೀತೀನಿ, ಜನ ಸೋಲೋದು ಇಲ್ಲೇ. ನಾನು ಮೊದಲು ಊದಿದ ಕಾಲಿಗೇ ರೆಡಿಮೇಡ್ ತಗೊಂಡೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಂಚು ಸುರುಳಿ ಸುತ್ಕೊಂಡು ತೊಡೆಗೆ ಹಗ್ಗ ಬಿಗಿದ ಹಾಗೆ ಕೂರ್ತಿತ್ತು, ಕೆಳಗೆ ಕಾಲು ಇನ್ನೂ ಊದ್ತಿತ್ತು. ಅಳತೆ ಯಾವಾಗ್ಲೂ ಕಾಲು ಸಣ್ಣಗಿದ್ದಾಗ, ಬ್ಯಾಂಡೇಜ್ ಕೋರ್ಸ್ ಮುಗಿದ ತಕ್ಷಣ, ಬೆಳಿಗ್ಗೆ ಕೊಡಿ. ಕಾಲಿನ ಆಕಾರ ಕೆಟ್ಟಿದ್ರೆ ಫ್ಲಾಟ್ ನಿಟ್ ಅನ್ನೋ ಬಗೆಯದ್ದು ಬೇಕು, ಹಿಂದೆ ಹೊಲಿಗೆ ಇರತ್ತೆ, ಬಟ್ಟೆ ಗಡುಸು, ಮಡಿಕೆಗಳಲ್ಲಿ ಕೊರೆಯಲ್ಲ. ಕ್ಲಾಸ್ 2, ಕ್ಲಾಸ್ 3 ಅಂತ ಬರೆದಿರೋದನ್ನ ನಂಬಿ ತಗೋಬೇಡಿ, ಒಂದೊಂದು ದೇಶದ ಅಳತೆ ಒಂದೊಂದು ಥರ. ಜರ್ಮನ್ ಲೆಕ್ಕದಲ್ಲಿ ಕ್ಲಾಸ್ 2 ಅಂದ್ರೆ ಪಾದದ ಗಂಟಿನ ಹತ್ರ 23ರಿಂದ 32 ಮಿಲಿಮೀಟರ್ ಪಾದರಸದ ಒತ್ತಡ, ಕ್ಲಾಸ್ 3 ಅಂದ್ರೆ 34ರಿಂದ 46. ಬಿಪಿ ಅಳೆಯೋ ಲೆಕ್ಕವೇ. ಪೆಟ್ಟಿಗೆ ಮೇಲೆ ಆ ಅಂಕಿ ಓದಿ, ನಿಮಗೆ ಎಷ್ಟು ಬೇಕು ಅಂತ ಥೆರಪಿಸ್ಟ್ ಹೇಳಲಿ.

ಹಾಕ್ಕೊಳ್ಳೋದು ಎದ್ದ ತಕ್ಷಣ, ಓಡಾಡಿ ಕಾಲಿಗೆ ನೀರು ಇಳಿದು ತುಂಬ್ಕೊಳ್ಳೋ ಮುಂಚೆ. ಹಾಸಿಗೆ ಅಂಚಲ್ಲಿ ಕೂತು, ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ, ಹಿಡಿತ ಸಿಗತ್ತೆ, ಉಗುರಿಂದ ಬಟ್ಟೆನೂ ಹರಿಯಲ್ಲ. ಸ್ಟಾಕಿಂಗ್ ಒಳಗೆ ಕೈ ಹಾಕಿ ಹಿಮ್ಮಡಿ ಹಿಡ್ಕೊಂಡು ಅಲ್ಲಿವರೆಗೆ ಒಳಹೊರಗು ಮಾಡಿ, ಪಾದ ತೂರಿಸಿ, ಹಿಮ್ಮಡಿ ಹಿಮ್ಮಡಿ ಮೇಲೆ ಸರಿಯಾಗಿ ಕೂತ್ಮೇಲೆ ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ. ಮೇಲಿನ ಅಂಚು ಹಿಡಿದು ಎಳೆದ್ರೆ ಕೆಳಗೆ ಸಡಿಲ, ಮೇಲೆ ಗಂಟು. ಸುಕ್ಕು ಇರ್ಬಾರ್ದು, ಉದ್ದ ಜಾಸ್ತಿ ಆಯ್ತು ಅಂತ ಮೇಲೆ ಮಡಚ್ಲೇಬಾರ್ದು. ಮೊದಲ ವಾರ ನನಗೆ ಇಪ್ಪತ್ತು ನಿಮಿಷ, ಬೆವರು, ಒಂದಿಷ್ಟು ಬೈಗುಳ ಬೇಕಾಗ್ತಿತ್ತು, ಈಗ ಮೂರು ನಿಮಿಷ. ಎರಡು ಜೊತೆ ಇಟ್ಕೊಳ್ಳಿ, ದಿನಾ ಒಗೀರಿ, ಒಗೆದ್ರೆ ಅದರ ಬಿಗಿ ವಾಪಸ್ ಬರತ್ತೆ, ಸಾಫ್ಟನರ್ ಬೇಡ, ಹಿಂಡ್ಬೇಡಿ, ನೆರಳಲ್ಲಿ ಹರಡಿ ಒಣಗಿಸಿ. ಆರು ತಿಂಗಳಿಗೆ ಬದಲಾಯಿಸ್ಬೇಕು. ಸುಲಭವಾಗಿ ಏರ್ತಿದೆ ಅಂತ ಖುಷಿ ಆದ ದಿನವೇ ಅದರ ಆಯಸ್ಸು ಮುಗಿದಿದೆ ಅಂತ ತಿಳ್ಕೊಳ್ಳಿ. ಬೆರಳು ನೀಲಿ ಆದ್ರೆ, ಜೋಮು ಹಿಡಿದ್ರೆ, ನೋವು ಜಾಸ್ತಿ ಆದ್ರೆ ತಕ್ಷಣ ತೆಗೆದುಬಿಡಿ.

ಇನ್ನೊಂದು ಮಾತು, ಯಾರೂ ಬಾಯಿ ಬಿಡಲ್ಲ ಅಂತ ನಾನೇ ಬರೀತೀನಿ. ಕಾಲು ಒತ್ತಿದಾಗ ನೀರು ಮೇಲಕ್ಕೆ ಹೋಗಿ ಜನನಾಂಗದ ಸುತ್ತ, ಕಿಬ್ಬೊಟ್ಟೆಯಲ್ಲಿ ನಿಲ್ಲಬಹುದು, ಗಂಡಸರಿಗೂ ಹೆಂಗಸರಿಗೂ. ನಾಚ್ಕೊಂಡು ಮುಚ್ಚಿಡಬೇಡಿ. ಸೊಂಟದವರೆಗೆ ಬರೋ ಸ್ಟಾಕಿಂಗ್, ಬಿಗಿ ಚಡ್ಡಿ, ಒಳಗೆ ಸ್ಪಾಂಜ್ ಪ್ಯಾಡ್, ಹೀಗೆ ಅದಕ್ಕೂ ದಾರಿ ಇದೆ. ಗಾಳಿ ತುಂಬಿ ಕಾಲು ಹಿಂಡೋ ಪಂಪ್ ಮಷೀನನ್ನ ಯಾರನ್ನೂ ಕೇಳದೆ ಮನೇಲಿ ಹಾಕ್ಕೊಳ್ಳೋರಿಗೆ ಈ ತೊಂದರೆ ಬರೋ ಸಾಧ್ಯತೆ ಇದೆ, ಆ ಮಷೀನ್ ಥೆರಪಿಸ್ಟ್ ಹೇಳಿದ ಮೇಲೇನೆ.

ಕೈಯಲ್ಲಿ ಮಾಡೋ ಮಸಾಜ್, ಎಂಎಲ್‌ಡಿ (ಮ್ಯಾನ್ಯುಯಲ್ ಲಿಂಫ್ ಡ್ರೈನೇಜ್), 1930ರ ದಶಕದಲ್ಲಿ ಡೆನ್ಮಾರ್ಕಿನ ವೊಡ್ಡರ್ ದಂಪತಿ ಫ್ರಾನ್ಸಲ್ಲಿದ್ದಾಗ ರೂಪಿಸಿದ್ದು. ಮಸಾಜ್ ಅಂದ ಕೂಡ್ಲೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕೋದು ಅಂದ್ಕೋಬೇಡಿ, ಹಾಗೆ ತಿಕ್ಕಿದ್ರೆ ಅಲ್ಲಿಗೆ ರಕ್ತ ನುಗ್ಗಿ ಇನ್ನೂ ಊದತ್ತೆ. ಇಲ್ಲಿ ಚರ್ಮ ಮಾತ್ರ ಮೆಲ್ಲಗೆ ಒಂದು ಕಡೆಗೆ ಎಳೆದು ಬಿಡೋದು, ಮಗುವಿನ ಕೆನ್ನೆ ಸವರಿದಷ್ಟು ಹಗುರ. ಕ್ರಮ ಮುಖ್ಯ, ಮೇಲಿನ ದಾರಿ ಖಾಲಿ ಆಗದೆ ಕೆಳಗಿಂದ ತಳ್ಳಿ ಪ್ರಯೋಜನ ಇಲ್ಲ. ಮೊದಲು ಕತ್ತಿನ ಬುಡ, ಆಮೇಲೆ ಹೊಟ್ಟೆ ಉಬ್ಬಿಸಿ ಐದಾರು ಆಳವಾದ ಉಸಿರು, ಆಮೇಲೆ ಅದೇ ಕಡೆಯ ಕಂಕುಳು, ಯಾಕಂದ್ರೆ ತೊಡೆಸಂದಿನ ನೋಡ್ ಇಲ್ಲ ಅಂದ್ಮೇಲೆ ನೀರನ್ನ ಕಳಿಸೋದು ಅಲ್ಲಿಗೆ. ಆಮೇಲೆ ಪಕ್ಕೆ, ಸೊಂಟ, ತೊಡೆಯ ಮೇಲ್ಭಾಗ, ಕೆಳಭಾಗ, ಮೀನಖಂಡ, ಪಾದ, ಪ್ರತಿ ಸಲ ದಿಕ್ಕು ಮೇಲಕ್ಕೇ. ನಿಮ್ಮ ದಾರಿ ಯಾವುದು ಅಂತ ಥೆರಪಿಸ್ಟ್ ಹತ್ರ ಕಲ್ತ್ಕೊಳ್ಳಿ, ಥೈರಾಯ್ಡ್ ಅಥವಾ ಕತ್ತಿನ ರಕ್ತನಾಳದ ತೊಂದರೆ ಇರೋರಿಗೆ ಕತ್ತು ಮುಟ್ಟೋದು ಬೇಡ ಅಂತಾರೆ.

ವ್ಯಾಯಾಮಕ್ಕೆ ಹೆದರೋರು ಜಾಸ್ತಿ. ಸ್ಟಾಕಿಂಗ್ ಹಾಕ್ಕೊಂಡು ನಡೀರಿ, ಸೈಕಲ್ ತುಳೀರಿ, ತೂಕ ಎತ್ತೋದಾದ್ರೂ ಎತ್ತಿ, ಆದ್ರೆ ಕಮ್ಮಿಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ, ಮಾರನೇ ದಿನ ಕಾಲು ಭಾರ ಆಗಿದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ. ಗಾಯ ಪೂರ್ತಿ ಮಾಗಿದ್ಮೇಲೆ ನೀರಲ್ಲಿ ನಡೆಯೋದು ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಮೀಟರ್ ಆಳದಲ್ಲಿ ಪಾದದ ಮೇಲೆ ನೀರು ಹಾಕೋ ಒತ್ತಡ ಸುಮಾರು 73 ಮಿಲಿಮೀಟರ್ ಪಾದರಸ, ಮೇಲಕ್ಕೆ ಬರ್ತಾ ತಾನಾಗೇ ಕಡಿಮೆ ಆಗತ್ತೆ, ಇದಕ್ಕಿಂತ ಒಳ್ಳೆ ಸ್ಟಾಕಿಂಗ್ ಯಾರೂ ಹೊಲಿದುಕೊಡಕ್ಕಾಗಲ್ಲ. ಬಿಸಿನೀರಿನ ಟಬ್ಬು, ಸೌನಾ ಮಾತ್ರ ಬೇಡ. ಒಂದೇ ಕಡೆ ಗಂಟೆಗಟ್ಟಲೆ ನಿಲ್ಲೋದು, ಕಾಲು ಇಳಿಬಿಟ್ಟು ಕೂರೋದು ತಪ್ಪಿಸಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ. ತೂಕ ಇಳಿದ್ರೆ ಕಾಲೂ ಇಳಿಯತ್ತೆ, ಹೇಳೋಕೆ ಸುಲಭ ಅಂತ ನನಗೂ ಗೊತ್ತು.

ಚರ್ಮ, ಜ್ವರ

ಈ ಕಾಲಿನ ಕಾವಲುಗಾರರನ್ನೇ ತೆಗೆದುಹಾಕಿದಾರೆ, ಹಾಗಾಗಿ ಒಂದು ಗೀರು ಸಾಕು ಬ್ಯಾಕ್ಟೀರಿಯಾ ಒಳಗೆ ಹೋಗೋಕೆ. ಬರಿಗಾಲಲ್ಲಿ ಓಡಾಡ್ಬೇಡಿ. ಸ್ನಾನ ಆದ್ಮೇಲೆ ಬೆರಳ ಸಂದಿ ಒಂದೊಂದನ್ನೂ ಒರೆಸಿ, ಅಲ್ಲಿ ಬೆಳ್ಳಗೆ ನೆಂದು ಬಿರಿದಿದ್ರೆ ಅದು ಫಂಗಸ್, ಕ್ರೀಮ್ ಹಚ್ಚಿ ವಾಸಿ ಮಾಡ್ಕೊಳ್ಳಿ, ಇನ್ಫೆಕ್ಷನ್‌ಗೆ ದೊಡ್ಡ ಬಾಗಿಲು ಅದೇ. ಮಾಯಿಶ್ಚರೈಸರ್ ರಾತ್ರಿ ಹಚ್ಚಿ, ಬೆಳಿಗ್ಗೆ ಹಚ್ಚಿದ್ರೆ ಸ್ಟಾಕಿಂಗ್ ಏರಲ್ಲ. ಉಗುರು ನೇರಕ್ಕೆ ಕತ್ತರಿಸಿ, ಬ್ಲೇಡ್ ಬದಲು ಎಲೆಕ್ಟ್ರಿಕ್ ಶೇವರ್ ಬಳಸಿ. ಆ ಕಾಲಿಗೆ ಇಂಜೆಕ್ಷನ್, ಟ್ಯಾಟೂ ಬೇಡ.

ನನಗೆ ಸೆಲ್ಯುಲೈಟಿಸ್, ಅಂದ್ರೆ ಚರ್ಮದ ಒಳಪದರದ ಬ್ಯಾಕ್ಟೀರಿಯಾ ಇನ್ಫೆಕ್ಷನ್, ಆದ ರಾತ್ರಿ ಮೊದಲು ಬಂದಿದ್ದು ಕಾಲುನೋವಲ್ಲ, ಚಳಿ. ಎರಡು ರಗ್ಗು ಹೊದ್ರೂ ಹಲ್ಲು ಕಟಕಟ. ಫ್ಲೂ ಅಂದ್ಕೊಂಡು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಬೆಳಿಗ್ಗೆ ನೋಡಿದ್ರೆ ಪಾದದಿಂದ ಮೊಣಕಾಲವರೆಗೆ ಕೆಂಪಗೆ, ಮುಟ್ಟಿದ್ರೆ ಕಾದ ಹೆಂಚು. ಕೆಂಪಿನ ಅಂಚಿಗೆ ಬಾಲ್ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೆದೆ, ಆಸ್ಪತ್ರೆ ತಲುಪೋಷ್ಟರಲ್ಲಿ ಕೆಂಪು ಆ ಗೆರೆ ದಾಟಿ ಎರಡು ಬೆರಳಷ್ಟು ಮೇಲೆ ಬಂದಿತ್ತು. ಹಾಗಾಗಿ ಚಳಿಜ್ವರ ಬಂದ್ರೆ ಮೊದಲು ಲೈಟ್ ಹಾಕಿ ಕಾಲು ನೋಡಿ. ಆಂಟಿಬಯಾಟಿಕ್ ಅವತ್ತೇ ಶುರು ಆಗ್ಬೇಕು, ವಾಂತಿ, ಗಲಿಬಿಲಿ, ಬಿಪಿ ಇಳಿಯೋದು ಇದ್ರೆ ಅಡ್ಮಿಟ್ ಆಗ್ಬೇಕು. ಆ ದಿನಗಳಲ್ಲಿ ಮಸಾಜ್ ಬೇಡ, ನೋವಿದ್ರೆ ಸ್ಟಾಕಿಂಗ್ ತೆಗೆದಿಡಿ, ಕಾಲು ಮೇಲಿಟ್ಟು ಮಲಗಿ, ತಡ್ಕೊಳ್ಳೋ ಹಾಗಾದ ಕೂಡ್ಲೆ ಮತ್ತೆ ಹಾಕ್ಕೊಳ್ಳಿ. ವರ್ಷಕ್ಕೆ ಎರಡು ಸಲ ಬಂದ್ರೆ ದಿನಾ ಸ್ವಲ್ಪ ಪೆನಿಸಿಲಿನ್ ಕೊಡೋ ಪದ್ಧತಿ ಇದೆ, ಡಾಕ್ಟರನ್ನ ಕೇಳಿ. ಸ್ಟಾಕಿಂಗಿಂದ ಇನ್ಫೆಕ್ಷನ್ ಜಾಸ್ತಿ ಆಗತ್ತೆ ಅನ್ನೋರಿಗೆ ಒಂದು ಲೆಕ್ಕ, 2020ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಕಾಲು ಊದಿ ಸೆಲ್ಯುಲೈಟಿಸ್ ಪದೇ ಪದೇ ಬರ್ತಿದ್ದ 84 ಜನರಲ್ಲಿ ಕಂಪ್ರೆಷನ್ (ಸ್ಟಾಕಿಂಗ್ ಥರದ ಒತ್ತೋ ಬಟ್ಟೆ) ಹಾಕ್ಕೊಂಡವರಿಗೆ ಮತ್ತೆ ಬಂದಿದ್ದು ನೂರಕ್ಕೆ 15, ಹಾಕ್ಕೊಳ್ಳದವರಿಗೆ ನೂರಕ್ಕೆ 40. ವ್ಯತ್ಯಾಸ ಎಷ್ಟು ದೊಡ್ಡದಿತ್ತು ಅಂದ್ರೆ ಅಧ್ಯಯನವನ್ನ ಅರ್ಧಕ್ಕೇ ನಿಲ್ಲಿಸಿದ್ರು.

ದೂರ ಪ್ರಯಾಣಕ್ಕೆ ಹೋಗುವಾಗ ಡಾಕ್ಟರ್ ಬರೆದುಕೊಟ್ಟ ಆಂಟಿಬಯಾಟಿಕ್ ಒಂದು ಕೋರ್ಸು, ಇನ್ನೊಂದು ಜೊತೆ ಸ್ಟಾಕಿಂಗ್ ಬ್ಯಾಗಲ್ಲಿ ಇರಲಿ, ವಿಮಾನದಲ್ಲಿ ಆಗಾಗ ಎದ್ದು ಓಡಾಡಿ. ಲಿಂಫ್ ನಾಳವನ್ನ ರಕ್ತನಾಳಕ್ಕೆ ಜೋಡಿಸೋ, ಬೇರೆ ಕಡೆಯಿಂದ ನೋಡ್ ತಂದು ಕೂರಿಸೋ, ಗಟ್ಟಿಯಾದ ಕೊಬ್ಬು ಹೀರಿ ತೆಗೆಯೋ ಆಪರೇಷನ್‌ಗಳೂ ಇವೆ. ಕೆಲವರಿಗೆ ಅನುಕೂಲ ಆಗಿದೆ, ಆದ್ರೆ ಸ್ಟಾಕಿಂಗಿಂದ ಬಿಡುಗಡೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ, ಕೊಬ್ಬು ಹೀರಿಸ್ಕೊಂಡವರಂತೂ ಜೀವಮಾನ ಪೂರ್ತಿ ಹಾಕ್ಕೊಳ್ಳಬೇಕು.

ವರ್ಷಗಟ್ಟಲೆ ಒಂದೇ ಹದದಲ್ಲಿದ್ದ ಕಾಲು ಕಾರಣ ಇಲ್ಲದೆ ವಾರದೊಳಗೆ ಊದ್ಕೊಂಡ್ರೆ, ನೋವು ಹೊಸದಾಗಿ ಬಂದ್ರೆ, ತೊಡೆಸಂದಲ್ಲಿ ಗಂಟು ಸಿಕ್ಕಿದ್ರೆ, ಚರ್ಮದ ಮೇಲೆ ಮಾಯದ ನೇರಳೆ ಕಲೆ ಕಂಡ್ರೆ, ಮಸಾಜ್ ಜಾಸ್ತಿ ಮಾಡಿ ನೋಡೋಣ ಅನ್ನಬೇಡಿ. ಮೊದಲು ಆಪರೇಷನ್ ಮಾಡಿದ ಸರ್ಜನ್ ಹತ್ರ ಹೋಗಿ ಸ್ಕ್ಯಾನ್ ಮಾಡಿಸಿ, ಥೆರಪಿಸ್ಟ್ ಆಮೇಲೆ.